ಆರನೇ ಕ್ಲಾಸಿನ ಎರಡು ಗಣಿತ

ಅರಬ್ಬರ ನಾಡಿನ ಬೆಟ್ಟದೂರು ಅಭಾದ ಆ ಶಾಲೆಗೆ ಎರಡು ಗೇಟುಗಳಿದ್ದವು. ಗಂಡುಮಕ್ಕಳದ್ದು ದೊಡ್ಡ ರಸ್ತೆಗೆ, ಹೆಣ್ಣುಮಕ್ಕಳದ್ದು ಹಿಂದಿನ ಓಣಿಗೆ. ಹೆಣ್ಣುಮಕ್ಕಳ ಗೇಟಿನೊಳಗೆ ಗಂಡಸರು ಕಾಲಿಡುವಂತಿಲ್ಲ. ಹೆತ್ತ ತಂದೆಯಾದರೂ ಸರಿಯೇ. ಅಳಿಯ ಕಾರಿನ ಇಂಜಿನ್ ಆರಿಸದೆ ಹೊರಗೆ ಕೂತಿರುತ್ತಿದ್ದ. ಮಗಳು ಆಸ್ಪತ್ರೆಯಲ್ಲಿ ನರ್ಸು, ಹಗಲಿನ ಡ್ಯೂಟಿ ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ಮೊಮ್ಮಗಳ ಟೀಚರ್ ಕರೆದಾಗಲೆಲ್ಲ ಅಬಾಯಾದ ಕರಿ ನಿಲುವಂಗಿ ಸರಿಮಾಡಿಕೊಂಡು ಒಳಗೆ ಹೋಗುವವಳು ನಾನು, ವಿಸಿಟ್ ವೀಸಾದ ಮೇಲೆ ಬಂದಿದ್ದ ಮುದುಕಿ.

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಬಂದರದಲ್ಲಿ ಅಂಗಡಿ ಇಟ್ಟಿದ್ದ ನನ್ನ ಅಪ್ಪ ಜಮಾತಿನವರ ಮಾತು ಕೇಳದೆ ಮಗಳನ್ನು ಸಿಸ್ಟರ್‌ಗಳ ಕೈಗೆ ಒಪ್ಪಿಸಿದ್ದರು. ಆಮೇಲೆ ಅದೇ ಶಾಲೆಯಲ್ಲಿ, ತಲೆಗೆ ಸೆರಗು ಹೊದ್ದು, ರಿಟೈರ್ ಆಗುವವರೆಗೆ ಮ್ಯಾಥ್ಸ್ ಕಲಿಸಿದೆ. ಸಾವಿರ ಮಕ್ಕಳ ಮುಖ ನೋಡಿದ್ದೇನೆ. ಯಾವ ಮಗುವಿಗೆ ಅರ್ಥವಾಗಿದೆ, ಯಾವುದು ಅರ್ಥವಾದಂತೆ ತಲೆಯಾಡಿಸುತ್ತಿದೆ ಎಂದು ಹೇಳಲು ನನಗೆ ಪರೀಕ್ಷೆಯ ಪೇಪರ್ ಬೇಕಾಗಿಲ್ಲ. ಆದರೆ ಆ ಮನೆಯಲ್ಲಿ ನನ್ನನ್ನು ಕೇಳಿದವರು ಯಾರು?

ನಮ್ಮ ಮನೆಮಾತು ಬ್ಯಾರಿ, ಅಳಿಯ ಗಂಗೊಳ್ಳಿ ಕಡೆಯವನು, ಅವನದು ನವಾಯತಿ. ನಮ್ಮವರಲ್ಲಿ ಅಪರೂಪದ ಸಂಬಂಧ. ಹಾಗಾಗಿ ಊಟದ ಮೇಜಿನ ಮೇಲೆ ಎಲ್ಲರಿಗೂ ಕನ್ನಡ. ಮೊಮ್ಮಗಳದು ಅರ್ಧಕ್ಕರ್ಧ ಇಂಗ್ಲಿಷು. ಐದನೇ ಕ್ಲಾಸಿನವರೆಗೆ ಅವಳು ಇಂಡಿಯನ್ ಶಾಲೆಯಲ್ಲಿದ್ದಳು. ಆರನೆಯದಕ್ಕೆ, ಅಂದರೆ ಮಿಡ್ಲ್ ಸ್ಕೂಲಿಗೆ, ಈ ಅಮೆರಿಕನ್ ಸಿಲೆಬಸ್ಸಿನ ಶಾಲೆ. ಅಲ್ಲಿ ಆರನೇ ಕ್ಲಾಸಿಗೆ ಗಣಿತ ಎರಡು ಬಗೆ: ರೆಗ್ಯುಲರ್, ಅಡ್ವಾನ್ಸ್ಡ್. ಬೇಸಿಗೆ ರಜೆಗೆ ಮೊದಲು ಒಂದು ಟೆಸ್ಟ್ ಕೊಟ್ಟು ಮಗುವನ್ನು ಎಲ್ಲಿ ಕೂರಿಸಬೇಕೆಂದು ನೋಡುತ್ತಾರೆ. ಶಾಲೆ ಕಳಿಸಿದ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ದಯವಿಟ್ಟು ಮಗುವನ್ನು ಈ ಪರೀಕ್ಷೆಗೆ ತಯಾರು ಮಾಡಬೇಡಿ.

ಅಳಿಯ ಓದಿ ನಕ್ಕ. "ಇದು ಎಂತ ಮಾಮಿ? ತಯಾರಿ ಇಲ್ಲದೆ ಪರೀಕ್ಷೆಯಾ? ಇವ್ರು ಸುಮ್ನೆ ಹೇಳೂದು."

ಊರಿನ ನಮ್ಮ ಜನಕ್ಕೆ ಟೆಸ್ಟ್ ಎಂದರೆ ಎಂಟ್ರೆನ್ಸ್. ಅಭಾ, ಪಕ್ಕದೂರು ಖಮೀಸ್‌ನಲ್ಲಿದ್ದ ಕರಾವಳಿಯ ಮನೆಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಿಂದಿನ ವರ್ಷ ಬರೆದ ಮಕ್ಕಳಿಂದ ಪ್ರಶ್ನೆಗಳನ್ನು ಕೇಳಿ ಕೇಳಿ ಯಾರೋ ಕೂಡಿಹಾಕಿದರು. ಖಮೀಸ್‌ನ ಒಂದು ಫ್ಲ್ಯಾಟಿನಲ್ಲಿ ಹೈದರಾಬಾದಿನ ಟ್ಯೂಷನ್ ಮಾಸ್ತರರು ಅವನ್ನೆಲ್ಲ ಹತ್ತಾರು ಅಚ್ಚುಗಳಾಗಿ ಮಾಡಿ ಮಕ್ಕಳಿಗೆ ಗಟ್ಟಿ ಮಾಡಿಸಿದರು. ಈ ಥರದ ಪ್ರಶ್ನೆ ಬಂದರೆ ಮೇಲಿನದನ್ನು ಕೆಳಗಿನದರಿಂದ ಭಾಗಿಸು, ಆ ಥರದ್ದು ಬಂದರೆ ಅಡ್ಡಕ್ಕೆ ಗುಣಿಸು. ಏಕೆ ಎಂದು ಕೇಳಬಾರದು, ಟೈಮ್ ಇಲ್ಲ.

ನಮ್ಮ ಮಗು ಮಾತ್ರ ಏಕೆ ಎಂದು ಕೇಳುವ ಮಗು. ನಿಧಾನದ ಮಗು. ನಾನು ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಮಂಜು ಸರಿದಾಗ ಬೆಟ್ಟದ ಕೋತಿಗಳ ಹಿಂಡು, ಆ ಕೇಸರವಿರುವ ದೊಡ್ಡ ಜಾತಿ, ಎದುರಿನ ರಸ್ತೆಯ ಕಟ್ಟೆಯ ಮೇಲೆ ಉದ್ದಕ್ಕೂ ಕೂತಿತ್ತು. "ಎಷ್ಟಿವೆ ಹೇಳು ನೋಡುವಾ" ಅಂದೆ. ಎಣಿಸಲು ಹೊರಟರೆ ಅವು ಜಾಗ ಬದಲಿಸುತ್ತವೆ. ಅವಳು ಕಿಟಕಿಗೆ ಹಣೆ ಒತ್ತಿ ತುಂಬಾ ಹೊತ್ತು ನಿಂತಳು.

"ಉಮ್ಮಮ್ಮ, ಒಂದು ಲೈಟ್ ಕಂಬದಿಂದ ಇನ್ನೊಂದಕ್ಕೆ ಏಳು ಉಂಟು. ಅಂಥ ಗ್ಯಾಪ್ ಆರು. ಆರೇಳು ನಂಗೆ ಬರೂದಿಲ್ಲ. ಬಟ್ ಆರಾರು ಮೂವತ್ತಾರು. ಮತ್ತೆ ಒಂದು ಆರು. ಫೋರ್ಟಿ ಟೂ!" ಆಮೇಲೆ ತಿರುಗಿ, "ಮರಿ ಬೆನ್ನ ಮೇಲೆ ಕೂತಿದ್ರೆ ಅದನ್ನೂ ಎಣಿಸ್ಬೇಕಾ?"

ನನ್ನ ಕಣ್ಣು ತುಂಬಿಬಂತು. ಇಷ್ಟು ವರ್ಷ ಕಲಿಸಿದ್ದರಲ್ಲಿ ಇಂಥ ಮಕ್ಕಳು ನನಗೆ ಸಿಕ್ಕಿದ್ದು ಕೆಲವೇ ಕೆಲವರು. ಮಗ್ಗಿ ಬಾರದಿದ್ದರೂ ಸಂಖ್ಯೆಗಳ ಜೊತೆ ಹೀಗೆ ಮಾತಾಡುವ ಮಗುವನ್ನು ಅದರ ಪಾಡಿಗೆ ಬಿಡಬೇಕು. ಅಳಿಯನಿಗೆ ಹೇಳಿದೆ, "ಇವಳನ್ನು ರೆಗ್ಯುಲರ್‌ನಲ್ಲಿ ಕೂರಿಸು ಮಗಾ. ಸಾವಕಾಶ ಕಲೀಲಿ. ಎರಡು ವರ್ಷದಲ್ಲಿ ತಾನೇ ಮೇಲೆ ಬರ್ತಾಳೆ."

"ಮಾಮಿ, ನೀವು ಅಜ್ಜಿ. ನಿಮ್ಗೆ ಹಾಗೇ ಕಾಣೂದು," ಅಂದ ಅವನು, ಬಹಳ ಪ್ರೀತಿಯಿಂದಲೇ.

ಟೆಸ್ಟಿನಲ್ಲಿ ಅವಳಿಗೆ ಒಳ್ಳೆಯ ಮಾರ್ಕು ಬಂತು. ಬಾರದೆ ಇರುತ್ತದೆಯೆ? ಮಾಸ್ತರರು ಮಾಡಿಸಿದ ಅಚ್ಚುಗಳೇ ಬಂದಿದ್ದವು. ಅಡ್ವಾನ್ಸ್ಡ್ ಕ್ಲಾಸ್. ಅಳಿಯ ಎರಡು ಟ್ರೇ ಬಸ್ಬೂಸಾ ಸಿಹಿ ತಂದು ಮನೆಮನೆಗೆ ಹಂಚಿದ. ಗುಂಪಿನಲ್ಲಿ ದಿನವಿಡೀ ಮಾಶಾಅಲ್ಲಾ. ನಮ್ಮ ಕೆಳಗಿನ ಮಹಡಿಯಲ್ಲಿ ಉಡುಪಿ ಕಡೆಯ ಕುಟುಂಬವೊಂದಿತ್ತು, ಅವರ ಮಗಳಿಗೆ ರೆಗ್ಯುಲರ್ ಬಂದಿತ್ತು. ಅವಳ ತಾಯಿ ಮೆಟ್ಟಿಲಲ್ಲಿ ಸಿಕ್ಕಾಗ ತಟ್ಟೆ ತೆಗೆದುಕೊಂಡು, "ನಿಮ್ಮದು ಹುಷಾರ್ ಮಾರಾಯ್ರೆ. ನಮ್ಮದು ಪಾಪ, ಅಪ್ಪನ ಹಾಗೆ. ನಿದ್ದೆಯೇ ನಿದ್ದೆ," ಎಂದು ನಕ್ಕಳು. ಆ ನಗು ನೋಡಲಾಗಲಿಲ್ಲ. ಆ ನಗು ಒಂದು ದಿನ ತನ್ನ ಹೆಂಡತಿಯ ಮುಖಕ್ಕೂ ಬರಬಹುದು ಎಂಬ ಹೆದರಿಕೆಯಲ್ಲೇ ಅಳಿಯ ಆಮೇಲಿನದನ್ನೆಲ್ಲ ಮಾಡಿದನೇನೋ.

ಶಾಲೆ ಶುರುವಾಯಿತು. ಎರಡನೇ ವಾರದಿಂದ ಹೊಟ್ಟೆನೋವು. ಗಣಿತದ ಪೀರಿಯಡ್ ಮೊದಲನೆಯದಿದ್ದ ದಿನ ಮಾತ್ರ ಬರುವ ಹೊಟ್ಟೆನೋವು. ಮಗಳು ಆಸ್ಪತ್ರೆಯಿಂದ ಸಿರಪ್ ತಂದಳು. ಹೋಮ್‌ವರ್ಕ್ ಮಾಡಲು ಕೂತರೆ ಹುಡುಗಿ ಬರೆದದ್ದನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೂತು ಮಾಡುತ್ತಿದ್ದಳು. ನಾನು ಹತ್ತಿರ ಕೂತು, "ಬಾ, ಮೊದಲು ಚಿತ್ರ ಬರಿಯುವಾ," ಅಂದರೆ ಗಾಬರಿಯಿಂದ, "ನೋ ಟೈಮ್ ಉಮ್ಮಮ್ಮ, ಇನ್ನೂ ಟ್ವೆಲ್ವ್ ಸಮ್ಸ್ ಉಂಟು," ಅನ್ನುತ್ತಿದ್ದಳು. ಮತ್ತೆ ಟ್ಯೂಷನ್. ಮತ್ತೆ ಅಚ್ಚು.

ಆಗಲೇ ಟೀಚರ್ ಕರೆ ಬಂದದ್ದು.

ಜೋರ್ಡಾನಿನ ಹೆಂಗಸು, ನನ್ನ ಮಗಳ ವಯಸ್ಸು. ಒಳಗೆ ಹೋದ ಮೇಲೆ ಅಲ್ಲಿ ಎಲ್ಲರೂ ಅಬಾಯಾ ತೆಗೆದಿಡುತ್ತಾರೆ, ಸಾಧಾರಣ ಸ್ಟಾಫ್ ರೂಮ್. ನನಗೆ ನನ್ನದೇ ಹಳೆಯ ಸ್ಟಾಫ್ ರೂಮಿನ ವಾಸನೆ ಬಂತು, ಚಾಕ್ ಇಲ್ಲದಿದ್ದರೂ. ಅವಳು ಇಂಗ್ಲಿಷಿನಲ್ಲಿ, ಸ್ವಲ್ಪ ತಡವರಿಸುತ್ತ ಹೇಳಿದಳು. ಈ ಮಗುವಿಗೆ ಉತ್ತರ ಬರುತ್ತದೆ, ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ಏನೂ ಬರುವುದಿಲ್ಲ. ಟೆಸ್ಟಿಗೆ ಕೋಚಿಂಗ್ ಆಗಿತ್ತೆ? ನಾನು ಹೌದೆಂದೆ. ಅವಳು ಬೈಯಲಿಲ್ಲ. "ರೆಗ್ಯುಲರ್ ಕ್ಲಾಸಿಗೂ ನಾನೇ ಹೋಗುತ್ತೇನೆ. ಅಲ್ಲಿ ನಿಧಾನಕ್ಕೆ ಜಾಗವಿದೆ. ಈ ಗುರುವಾರದವರೆಗೆ ಕ್ಲಾಸ್ ಬದಲಿಸಬಹುದು, ಆಮೇಲೆ ವರ್ಷ ಮುಗಿಯುವ ತನಕ ಆಗುವುದಿಲ್ಲ. ವಲೀಯ ಸಹಿ ಬೇಕು." ವಲೀ ಅಂದರೆ ಮಗುವಿನ ತಂದೆ. ತಾಯಿಯ ಸಹಿ ನಡೆಯುವುದಿಲ್ಲ. ಅಜ್ಜಿಯದಂತೂ ದೂರದ ಮಾತು.

ಎದ್ದು ನಿಂತಾಗ ಅವಳು ನನ್ನ ಕೈ ಹಿಡಿದಳು. "ಅವಳೇ ನನ್ನನ್ನು ಕೇಳಿದಳು, ಆ ಕ್ಲಾಸಿನಲ್ಲಿ ಕೂರಬಹುದೆ ಅಂತ. ಡ್ಯಾಡಿಗೆ ಹೇಳಬೇಡಿ ಅಂದಳು."

ಓಣಿಗೆ ಬಂದು ಕಾರಿನಲ್ಲಿ ಕೂತೆ. ಆ ಕೊನೆಯ ಮಾತೊಂದನ್ನು ಬಿಟ್ಟು ಎಲ್ಲ ಹೇಳಿದೆ. ಅವನು ಸ್ಟಿಯರಿಂಗ್ ಮೇಲೆ ಬೆರಳು ಬಡಿಯುತ್ತ ಕೇಳಿದ.

"ನಾನೊಮ್ಮೆ ಮಾತಾಡ್ತೇನೆ ಮಾಮಿ, ಆ ಟೀಚರ್ ಹತ್ರ."

"ಹೇಗೆ ಮಾತಾಡ್ತಿ? ನಿನ್ನನ್ನು ಒಳಗೆ ಬಿಡೂದಿಲ್ಲ. ಫೋನ್ ನಂಬರ್ ಗಂಡಸರಿಗೆ ಕೊಡೂದಿಲ್ಲ."

"ಅದೇ ಅಲ್ವಾ! ಅವ್ರು ಎಂತ ಹೇಳಿದ್ರು, ಹೇಗೆ ಹೇಳಿದ್ರು, ನಂಗೆ ಹೇಗೆ ಗೊತ್ತಾಗೂದು? ನೀವು ಮೊದ್ಲಿಂದ ರೆಗ್ಯುಲರ್ ರೆಗ್ಯುಲರ್ ಹೇಳ್ತಾ ಇದ್ರಿ. ಅವ್ರು ಒಂದು ಮಾತು ಹೇಳಿದ್ರೆ ನಿಮ್ಗೆ ಹತ್ತು ಕೇಳ್ತದೆ."

ಕೋಪ ಬಂತು. ಆದರೂ ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಆ ಗೋಡೆಯ ಆಚೆ ಇದ್ದದ್ದು ಅವನ ಮಗಳು. ಅವಳ ಸುದ್ದಿ ಅವನಿಗೆ ಮುಟ್ಟುತ್ತಿದ್ದುದು ಯಾವಾಗಲೂ ಬೇರೊಬ್ಬರ ಬಾಯಿಂದ, ಅದೂ ಹೆಂಡತಿಯ ತಾಯಿಯ ಬಾಯಿಂದ. ಒಂದೇ ಒಂದು ಸಲ ಆ ಟೀಚರ್ ಮುಖ ನೋಡಿದ್ದರೆ ಅವನು ಒಪ್ಪುತ್ತಿದ್ದ ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಸ್ವಲ್ಪ ದೂರ ಹೋದ ಮೇಲೆ ಅವನೇ ಮಾತೆತ್ತಿದ. "ಎಸ್ಸೆಸ್ಸೆಲ್ಸೀಲಿ ಲೆಕ್ಕದಲ್ಲಿ ನಾನು ಜಸ್ಟ್ ಪಾಸ್ ಮಾಮಿ. ಅದಕ್ಕೇ ಡಿಪ್ಲೊಮಾ. ಈಗ್ಲೂ ಮಿಷನ್ ರಿಪೇರಿ ಮಾಡೂದು ನಾನು, ನಂಗಿಂತ ಸಣ್ಣ ಹುಡುಗ ಬಂದು ಕೆಳಗೆ ಇಂಜಿನಿಯರ್ ಅಂತ ಸಹಿ ಹಾಕಿ ಹೋಗ್ತಾನೆ. ನನ್ನ ಮಗಳಿಗೆ ಹಾಗೆ ಆಗ್ಲಿಕ್ಕೆ ಬಿಡ್ಲಾ?"

ಎಲ್ಲ ತಂದೆಯರೂ ತಮ್ಮ ಎಸ್ಸೆಸ್ಸೆಲ್ಸಿಯನ್ನು ಮಗುವಿನ ಚೀಲದಲ್ಲಿ ಹಾಕಿ ಕಳಿಸುತ್ತಾರೆ.

ಮಗಳು ಸಂಜೆ ಬಂದು ಕಾಲು ಚಾಚಿ ಸೋಫಾದಲ್ಲಿ ಬಿದ್ದಳು. "ನನ್ನ ಹತ್ರ ಕೇಳ್ಬೇಡಿ ಉಮ್ಮಾ. ನಾನು ಹೇಳಿ ಹೇಳಿ ಸೋತಿದ್ದೇನೆ. ನೀವು ಮ್ಯಾಥ್ಸ್ ಟೀಚರ್, ನೀವೇ ಹೇಳಿ." ನಾನು ಮ್ಯಾಥ್ಸ್ ಟೀಚರ್ ಎಂಬುದು ನೆನಪಾದದ್ದು ಆವತ್ತೇ.

ಹೇಳಿದೆ. ಎರಡು ದಿನ ಬೆಳಿಗ್ಗೆ ಸಂಜೆ ಹೇಳಿದೆ. ಅಳಿಯನ ಕಾಲಿಗೆ ಬೀಳುವುದೊಂದು ಬಾಕಿ. ಬುಧವಾರ ಅವನು ಚಾ ಕುಡಿಯುತ್ತ, "ಆಯ್ತು ಮಾಮಿ. ನಾಳೆ ಬಾಯ್ಸ್ ಸೈಡ್ ಆಫೀಸಿಗೆ ಹೋಗಿ ಸಹಿ ಹಾಕಿ ಬರ್ತೇನೆ," ಅಂದ. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಮಗು ಏನೂ ಗೊತ್ತಿಲ್ಲದಂತೆ ಅಡುಗೆಮನೆಗೆ ಹೋಯಿತು. ಗುರುವಾರ ಬೆಳಿಗ್ಗೆ ಹೊಟ್ಟೆನೋವಿರಲಿಲ್ಲ. ನೀರ್‌ದೋಸೆ ಕೇಳಿ ಕೇಳಿ ಹಾಕಿಸಿಕೊಂಡಳು. ನನ್ನ ಕಿವಿಯಲ್ಲಿ, "ರೆಗ್ಯುಲರ್‌ನಲ್ಲಿ ಅವ್ರು ಗ್ರಾಫ್ ಪೇಪರಲ್ಲಿ ಮನೆ ಡ್ರಾ ಮಾಡ್ತಾರಂತೆ," ಅಂದಳು.

ಮಧ್ಯಾಹ್ನ ಅವಳನ್ನು ಕರೆತರಲು ಹೋದಾಗ ಅಳಿಯ ಕಾರನ್ನು ದೊಡ್ಡ ರಸ್ತೆಯಲ್ಲಿ ನಿಲ್ಲಿಸಿ ಗಂಡುಮಕ್ಕಳ ಗೇಟಿನೊಳಗೆ ಹೋದ. ನಾನು ಹಿಂದಿನ ಸೀಟಿನಲ್ಲಿ ತಸ್ಬೀಹ್ ಮಣಿ ಎಣಿಸುತ್ತ ಕೂತೆ. ಅವನು ಬೇಗನೆ ಬಂದ. ಬೇಗ ಬಂದದ್ದು ನೋಡಿಯೇ ಮಣಿಯನ್ನು ಅರ್ಧಕ್ಕೇ ಬಿಟ್ಟೆ.

"ಆಯ್ತಾ?"

"ಆಫೀಸಲ್ಲಿ ನಮ್ಮ ಕಾಸರಗೋಡಿನವನೊಬ್ಬ ಇದ್ದಾನೆ ಮಾಮಿ." ಕನ್ನಡಿಯಲ್ಲಿ ನನ್ನ ಮುಖ ನೋಡದೆ ಹೇಳಿದ. "ಅವ ಹೇಳಿದ, ಭಾಯ್, ಅಡ್ವಾನ್ಸ್ಡ್ ಸಿಗ್ಲಿಕ್ಕೆ ಜನ ಕಾಲು ಹಿಡೀತಾರೆ, ನೀವು ಸಿಕ್ಕಿದ್ದನ್ನು ಬಿಟ್ಟುಕೊಡ್ಲಿಕ್ಕೆ ಬಂದಿದ್ದೀರಾ? ಒಮ್ಮೆ ಇಳಿದ್ರೆ ಮತ್ತೆ ಹತ್ಲಿಕ್ಕಿಲ್ಲ, ಅಂತ."

"ಅವನು ಮಗುವನ್ನು ನೋಡಿದ್ದಾನಾ?"

ಅವನು ಕಾರನ್ನು ಓಣಿಗೆ ತಿರುಗಿಸಿದ. ಇನ್ನೂ ಸಮಯವಿತ್ತು, ಆಫೀಸು ಮುಚ್ಚಿರಲಿಲ್ಲ. "ಮಗಾ, ಒಂದು ಸಲ ತಿರುಗಿ ಹೋಗು," ಅಂದೆ. ಕೇಳಿಸದವನ ಹಾಗೆ ಎದುರಿಗೆ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

ಗೇಟಿನಿಂದ ಹುಡುಗಿಯರ ಹಿಂಡು ಹೊರಗೆ ಬಂತು. ಅವಳು ಓಡಿ ಬಂದು ಬಾಗಿಲು ತೆಗೆದು ಮೊದಲು ನನ್ನ ಮುಖ ನೋಡಿದಳು. ಅಪ್ಪನನ್ನು ನೋಡಲಿಲ್ಲ. ನಾನು ಕಿಟಕಿಯ ಕಡೆ ತಿರುಗಿದೆ. ಅವಳಿಗೆ ಅಷ್ಟು ಸಾಕಾಯಿತು. ಸೀಟ್ ಬೆಲ್ಟ್ ಹಾಕಿಕೊಂಡಳು.

"ಹೋಮ್‌ವರ್ಕ್ ಉಂಟಾ?" ಅಂದ ಅಳಿಯ, ಮೆತ್ತಗೆ.

"ಉಂಟು."

ಆ ಮೇಲೆ ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕೆಲವು ದಿನಗಳಲ್ಲಿ ಹೊಟ್ಟೆನೋವೂ ನಿಂತಿತು. ಟ್ಯೂಷನ್ ಮಾಸ್ತರರು ಕೊಟ್ಟದ್ದನ್ನು ನಡೆಯುತ್ತ ಬಾಯಿಪಾಠ ಮಾಡುತ್ತಿದ್ದಳು, ಅರಬ್ಬಿ ಪಾಠ ಮಾಡುವ ಧಾಟಿಯಲ್ಲೇ. ಸಂಖ್ಯೆ ಬದಲಾದರೆ ಯಾವ ಅಚ್ಚು, ಪದ ಬದಲಾದರೆ ಯಾವ ಅಚ್ಚು. ಮಗು ಜಾಣೆ. ಬದುಕಲು ಏನು ಬೇಕೋ ಅದನ್ನು ಕಲಿತುಬಿಟ್ಟಿತು. ಹತ್ತಿರ ಕೂತರೆ ಪುಸ್ತಕವನ್ನು ಸ್ವಲ್ಪ ಆಚೆ ಎಳೆದುಕೊಳ್ಳುತ್ತಿದ್ದಳು. ಚಳಿ ಶುರುವಾಗುವ ಹೊತ್ತಿಗೆ ನನ್ನ ವೀಸಾ ಮುಗಿಯಿತು. ಏರ್‌ಪೋರ್ಟಿನಲ್ಲಿ ಅವಳು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು, ಆದರೆ ಏನೂ ಕೇಳಲಿಲ್ಲ. ಏನಾದರೂ ಕೇಳುತ್ತಿದ್ದ ಮಗು.

ವರ್ಷ ಮುಗಿದಾಗ ಮಂಗಳೂರಿಗೆ ಫೋನ್ ಬಂತು. ಅಳಿಯನ ದನಿಯಲ್ಲಿ ಹಬ್ಬ. "ಬಿ ಪ್ಲಸ್, ಮಾಮಿ! ಅಡ್ವಾನ್ಸ್ಡ್‌ನಲ್ಲಿ! ನಾನು ಹೇಳಿರ್ಲಿಲ್ವಾ? ನೀವು ಸುಮ್ನೆ ಹೆದರಿದ್ದು."

"ಗುಡ್, ವೆರಿ ಗುಡ್," ಅಂದೆ. ಕಳೆದುಹೋದದ್ದು ಯಾವ ರಿಪೋರ್ಟ್ ಕಾರ್ಡಿನಲ್ಲೂ ಇರುವಂಥದ್ದಲ್ಲ. ಅದು ಇತ್ತು ಎಂಬುದಕ್ಕೆ ಸಾಕ್ಷಿ ನಾನೊಬ್ಬಳೇ.

ಅವಳಿಗೆ ಫೋನ್ ಕೊಡಲು ಹೇಳಿದೆ. ಊಟ, ಶಾಲೆ, ರಜೆ ಎಲ್ಲ ಕೇಳಿದೆ. ಬಾಯಿ ತಡೆಯದೆ ಕೊನೆಗೆ ಕೇಳಿಯೇಬಿಟ್ಟೆ, "ಕೋತಿಗಳು ಈಗ್ಲೂ ಬರ್ತವಾ ಮೋಳೆ, ಕಟ್ಟೆಯ ಮೇಲೆ?"

"ಬರ್ತವೆ."

"ಎಷ್ಟು?"

ಅವಳು ಕಿಟಕಿಯ ಹತ್ತಿರ ಹೋಗುತ್ತಿರಬಹುದು ಎಂದು ನಾನು ಮೂರ್ಖಳಂತೆ ಕಾದೆ.

"ಐ ಡೋಂಟ್ ಕೌಂಟ್, ಉಮ್ಮಮ್ಮ," ಅಂದಳು. ಆಮೇಲೆ, "ಡ್ಯಾಡಿಗೆ ಕೊಡ್ತೇನೆ, ಹಾಂ?"