ತಾನಾಗಿ ಹತ್ತುವ ದೀಪಕ್ಕೆ ಕೈ ಮುಗಿಯುವುದು

ಬಲ್ಬಿಗೆ ಕೈ ಮುಗಿಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು ನಾನು. ಟಂಗ್‌ಸ್ಟನ್ ತಂತಿ ಕಾದು ಬೆಳಗುವುದರಲ್ಲಿ ದೇವರ ಪಾಲೆಷ್ಟು ಎಂದು ಅವ್ವನನ್ನು ಕಾಡಿದ್ದುಂಟು. ಅವ್ವ ಮಾತ್ರ ದಿನವೂ ದೀಪ ಹಚ್ಚುವ ಹೊತ್ತಿಗೆ ವಿಭೂತಿ ಇಟ್ಟುಕೊಂಡು, ಪಡಸಾಲೆಯ ಸ್ವಿಚ್ ಒತ್ತಿ, ಬಲ್ಬಿಗೆ ಕೈ ಮುಗಿದೇ ಮುಂದಿನ ಕೆಲಸ ನೋಡುವವಳು.

ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಒತ್ತಿಕೊಂಡಂತೆ ಪಕ್ಕದವರು ಮಹಡಿ ಎಬ್ಬಿಸಿದ ಮೇಲೆ ಪಡಸಾಲೆಗೆ ಹಗಲೆಂಬುದೇ ಇಲ್ಲವಾಯಿತು. ಅಲ್ಲೇ ಕೂರುವ ಅವ್ವ ಹೊತ್ತು ತಿಳಿಯದೆ ಮಧ್ಯಾಹ್ನವೇ ವಿಭೂತಿಗೆ ಕೈ ಹಾಕತೊಡಗಿದಳು. ಇದನ್ನು ಕೇಳಿ ಅಕ್ಕನ ಗಂಡ, ಕಾರ್ಖಾನೆಯಲ್ಲಿ ವಿದ್ಯುತ್ ಕೆಲಸ ನೋಡಿಕೊಳ್ಳುವ ಹರಿಹರದ ಭಾವ, ಒಂದು ಪೆಟ್ಟಿಗೆ ಮಾಡಿ ತಂದರು. ಅದರ ಕೆಲಸ ಸಾಕ್ಷಾತ್ ಸೂರ್ಯನದು: ಬೆಳಿಗ್ಗೆ ಬಲ್ಬುಗಳನ್ನು ಮೆಲ್ಲಗೆ ಏರಿಸಿ, ನಡುಹಗಲು ಝಗಝಗ ಉರಿಸಿ, ಸಂಜೆ ಹಳದಿಗೆ ಇಳಿಸುವುದು. ಕರೆಂಟ್ ಹೋದರೆ ಗ್ರಹಣ. ಯಾರಾದರೂ ಸ್ವಿಚ್ ಮುಟ್ಟಿದರೆ, ಮನುಷ್ಯನಿಗೇ ಹೆಚ್ಚು ಗೊತ್ತು ಎಂದುಕೊಂಡು, ಪೂರ್ತಿ ಬೆಳಕು ಕೊಟ್ಟು ಮರುದಿನದವರೆಗೆ ಸುಮ್ಮನಿರುತ್ತಿತ್ತು. ಆ ಮನೆಯಲ್ಲಿ ಅಷ್ಟು ಮರ್ಯಾದೆ ನನಗೂ ಸಿಕ್ಕಿರಲಿಲ್ಲ.

ಮೊದಲ ಸಂಜೆ ಅವ್ವ ಎದ್ದು ನೋಡಿದರೆ ದೀಪ ಆಗಲೇ ಉರಿಯುತ್ತಿದೆ. ಸ್ವಿಚ್ಚನ್ನು ಮೇಲೆ ಮಾಡಿ, ಮತ್ತೆ ಕೆಳಗೆ ಒತ್ತಿ, ಕೈ ಮುಗಿದಳು. ಪೆಟ್ಟಿಗೆ ವಿನಯದಿಂದ ಹಿಂದೆ ಸರಿಯಿತು. ಅಂದು ನಾವು ನಡುಹಗಲಿನ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ರಾತ್ರಿಯ ರೊಟ್ಟಿ ತಿಂದೆವು.

ಫೋನು ಮಾಡಿದ್ದಕ್ಕೆ ಭಾವ ಬಂದರು. "ಅತ್ತೆ, ನೀವು ಸ್ವಿಚ್ ಮುಟ್ಟಬ್ಯಾಡ್ರಿ. ಹೊತ್ತು ಮುಳುಗೋದು ಅದಕ್ಕೆ ಗೊತ್ತೈತೆ."

"ಹಂಗಾದ್ರೆ ಕೈ ಮುಗಿಯೋದನ್ನೂ ಅದಕ್ಕೇ ಕಲಿಸಿಬಿಡ್ರಿ" ಎಂದಳು ಅವ್ವ.

ಭಾವ ತಿದ್ದಿದರು. ಈಗ ಸ್ವಿಚ್ ಮುಟ್ಟಿದ ತುಸು ಹೊತ್ತಿಗೇ ಪೆಟ್ಟಿಗೆ ಅಧಿಕಾರ ವಾಪಸು ಪಡೆಯುತ್ತಿತ್ತು. ಇದು ಇನ್ನೂ ಕೆಟ್ಟದಾಯಿತು. ಕೈ ಮುಗಿದು ಕಣ್ಣು ತೆರೆಯುವಷ್ಟರಲ್ಲಿ ದೀಪ ಮಂಕಾಗುವುದನ್ನು ಕಂಡು ಅವ್ವ ಕಂಗೆಟ್ಟಳು. "ನಾ ಹಚ್ಚಿದ್ದು ಅದಕ್ಕೆ ಬ್ಯಾಡಾಗೈತೆ" ಎಂದವಳು ಮರುದಿನ ಸಂಜೆ ಜಾಗ ಬಿಟ್ಟು ಏಳಲಿಲ್ಲ, ವಿಭೂತಿಯನ್ನೂ ಇಟ್ಟುಕೊಳ್ಳಲಿಲ್ಲ. ಆಗ ನನಗೆ ನಗು ಬರಲಿಲ್ಲ. ಅಡುಗೆಮನೆಯನ್ನು ಸೊಸೆಗೆ ಬಿಟ್ಟುಕೊಟ್ಟ ಮೇಲೆ ಅವಳ ಪಾಲಿಗೆ ಉಳಿದಿದ್ದ ಕೆಲಸ ಅದೊಂದೇ. ಬರಿ ಹಣೆಯಲ್ಲಿ ಕೂತ ಅವ್ವನನ್ನು ನೋಡಿ ನಿಜಕ್ಕೂ ಹೆದರಿಕೆಯಾಯಿತು.

ಮತ್ತೆ ಭಾವನಿಗೆ ಫೋನು. ಈ ಸಲ ಅವರು ಮಾಡಿದ್ದು ಇಷ್ಟೇ: ಹೊತ್ತು ಮುಳುಗುವಾಗ ಪೆಟ್ಟಿಗೆ ಬಲ್ಬುಗಳನ್ನು ಪೂರ್ತಿ ಇಳಿಸಿ ಕಾಯಬೇಕು, ಸ್ವಿಚ್ ಮೇಲೆ ಕೈ ಬಿದ್ದರೆ ಮಾತ್ರ ಸಂಜೆಯ ಬೆಳಕು. ಹಗಲೆಲ್ಲ ಪೆಟ್ಟಿಗೆಯದು, ಸಂಜೆ ಅವ್ವನದು. ಅಂದಿನಿಂದ ವಿಭೂತಿ ಮತ್ತೆ ಹಣೆಗೆ ಬಂತು.

ಮೊನ್ನೆ ಅವ್ವ ಅಕ್ಕನ ಮನೆಗೆಂದು ಹರಿಹರಕ್ಕೆ ಹೋದಳು. ಸಂಜೆ ಪೇಪರ್ ಓದುತ್ತಿದ್ದೆ. ಅಕ್ಷರಗಳು ಮಸುಕಾಗಿ, ಆಮೇಲೆ ಕಾಣದೇ ಹೋದವು. "ಅದು ಕಾಯ್ತಾ ಐತೆ, ಏಳ್ರಿ" ಎಂದಳು ಒಳಗಿನಿಂದ ಹೆಂಡತಿ. ಎದ್ದು ಒತ್ತಿದೆ. ಹಳದಿ ಬೆಳಕು ಗೋಡೆಗಳ ಮೇಲೆ ಹರಡಿತು. ಪೇಪರ್ ಎತ್ತಿಕೊಳ್ಳೋಣ ಎಂದರೆ ಎರಡೂ ಕೈ ಎದೆಯ ಹತ್ತಿರ ಜೋಡಿಕೊಂಡಿವೆ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವ್ವನಿಗೆ ಹೇಳಬೇಡ ಎಂದೆ. ಅವಳು ಆಗಲೇ ಹರಿಹರಕ್ಕೆ ಫೋನು ಹಚ್ಚುತ್ತಿದ್ದಳು.