ಶಿಫಾ ಫಿಟ್ ಇದ್ದಾಳೆ

ಹೊಸದುರ್ಗದ ದರ್ಜಿ ಮಹಮ್ಮದ್ ಗೌಸ್ ಅವರ ಮಗಳು ಶಿಫಾ ಅಕ್ಷರ ಕಲಿಯುವ ಮೊದಲೇ ‘ಫಿಟ್’ ಎಂಬ ಇಂಗ್ಲಿಷ್ ಪದವನ್ನು ಕಲಿತಿದ್ದಳು. ಹೊಸ ರವಿಕೆ ತೊಟ್ಟು ನೋಡಿದವರು ‘ಫಿಟ್ ಆಗೈತೆ’ ಎಂದರೆ ಅಪ್ಪನ ಮುಖ ಅರಳುತ್ತಿತ್ತು.

ಏಳನೇ ತರಗತಿಯಲ್ಲಿ ಅದೇ ಪದ ಅವಳ ಮೇಲೆ ಬಿತ್ತು. ಪ್ರಾರ್ಥನೆಗೆ ನಿಂತವಳು ಕುಸಿದು, ಕೈಕಾಲು ಸೆಟೆದು ಒದ್ದಾಡಿದಳು. ‘ಫಿಟ್ಸ್ ಬಂತು!’ ಎಂದು ಮಕ್ಕಳು ಓಡಿದರು. ಮರುದಿನದಿಂದ ಅವಳ ಪಕ್ಕ ಯಾರೂ ಕೂರಲಿಲ್ಲ. ಶಿಫಾ ಬೆಂಚಿನ ನಟ್ಟನಡುವೆ ಕೂತು, ಎರಡೂ ಕಡೆ ಪುಸ್ತಕ ಹರಡಿಕೊಂಡೇ ಎಸ್ಸೆಸ್ಸೆಲ್ಸಿ ಮುಗಿಸಿದಳು.

ಇಪ್ಪತ್ತಾರರ ವಯಸ್ಸಿನಲ್ಲಿ ಹೊಳಲ್ಕೆರೆ ರಸ್ತೆಯ ಗಾರ್ಮೆಂಟ್ಸಿಗೆ ಕೆಲಸ ಕೇಳಿಕೊಂಡು ಹೋದಳು. ಮಾತ್ರೆ ತಪ್ಪಿಸದ ಅವಳಿಗೆ ಮೂರು ವರ್ಷದಿಂದ ಫಿಟ್ಸ್ ಬಂದಿರಲಿಲ್ಲ. ಪರೀಕ್ಷೆಗೆಂದು ಕೊಟ್ಟ ಅಂಗಿಗೆ ಅವಳು ಕೂರಿಸಿದ ಕಾಲರ್ ನೋಡಿ ಮ್ಯಾನೇಜರ್ ಪ್ರಭುಲಿಂಗ, ಫಿಟ್‌ನೆಸ್ ಸರ್ಟಿಫಿಕೇಟ್ ಹಿಡಿದು ಸೋಮವಾರ ಬರಲು ಹೇಳಿದರು. ಚಿಕಿತ್ಸೆ ಕೊಡುವ ಡಾಕ್ಟರೇ ‘ಫಿಟ್’ ಎಂದು ಬರೆದುಕೊಟ್ಟರು.

ಸೋಮವಾರ ಪ್ರಭುಲಿಂಗ ಆ ಹಾಳೆಯನ್ನು ಮುಟ್ಟಲೇ ಇಲ್ಲ.

“ನಿಂಗೆ ಫಿಟ್ಸ್ ಐತಂತೆ! ಮಿಷನ್ ಮೇಲೆ ಬಿದ್ರೆ ಯಾರು ಜವಾಬ್ದಾರಿ? ನೀನು ಅನ್‌ಫಿಟ್ಟು, ಹೋಗಮ್ಮ.”

ಮನೆಯಲ್ಲಿ ಗೌಸ್ ಹಲ್ಲು ಕಡಿದರು. “ಯಾರೋ ಫಿಟ್ಟಿಂಗ್ ಇಟ್ಟವ್ರೆ.”

“ಅವ್ರು ಹೇಳಿದ್ದೇನು ಸುಳ್ಳಲ್ಲ ಅಬ್ಬಾ. ಆದ್ರೆ ಅನ್‌ಫಿಟ್ ಅನ್ನಾಕೆ ಮ್ಯಾನೇಜರ್ ಏನು ಡಾಕ್ಟ್ರಾ?”

ಮರುದಿನ ಬೆಳಿಗ್ಗೆ ಅವಳು ಪ್ರಭುಲಿಂಗರ ಎದುರು ಕುರ್ಚಿ ಎಳೆದುಕೊಂಡು ಕೂತಳು. “ಅನ್‌ಫಿಟ್ ಅಂತ ಬರ್ದು ಸೈನ್ ಹಾಕಿ ಕೊಡ್ರಿ ಸಾರ್. ಚಿತ್ರದುರ್ಗದ ಕಾರ್ಮಿಕ ಇಲಾಖೆಗೆ ಕೊಟ್ಟು ಬರ್ತೀನಿ.”

ಅವರು ಬರೆಯಲಿಲ್ಲ. ಇವಳು ಏಳಲಿಲ್ಲ. ಮಧ್ಯಾಹ್ನದ ಮಾತ್ರೆಯನ್ನು ಅವರ ಕಣ್ಣೆದುರೇ ನುಂಗಿದಳು. ನಾಲ್ಕು ಗಂಟೆಗೆ ಪ್ರಭುಲಿಂಗ ಬೇಸತ್ತು ಡಾಕ್ಟರಿಗೆ ಫೋನ್ ಮಾಡಿದರು. ಬಹಳ ಹೊತ್ತು ಬರೀ ಹೂಂಗುಟ್ಟಿ ಫೋನ್ ಇಟ್ಟರು.

“ನಾಳೆಯಿಂದ ಬಾ. ಆದ್ರೆ ಒಳಗೆ ಯಾರಿಗೂ ಈ ವಿಷ್ಯ ಹೇಳಂಗಿಲ್ಲ.”

ಶಿಫಾ ಅದಕ್ಕೆ ಒಪ್ಪಲಿಲ್ಲ. ಮೊದಲ ದಿನದ ಊಟದ ಹೊತ್ತಿಗೇ ಸುತ್ತಲಿನ ಹೆಂಗಸರಿಗೆ ಹೇಳಿಬಿಟ್ಟಳು: “ನಂಗೆ ಫಿಟ್ಸ್ ಐತೆ. ಬಂದ್ರೆ ಮಗ್ಗುಲಿಗೆ ಹೊರಳಿಸ್ರಿ. ಕೈಗೆ ಕಬ್ಬಿಣ ಕೊಡಬ್ಯಾಡ್ರಿ, ಬಾಯಿಗೆ ಏನೂ ತುರುಕಬ್ಯಾಡ್ರಿ. ಹೆದರಿ ಓಡಬ್ಯಾಡ್ರಿ.”

ಒಬ್ಬಿಬ್ಬರು ಬುತ್ತಿ ಎತ್ತಿಕೊಂಡು ದೂರ ಸರಿದರು. ಪಕ್ಕದ ಮಿಷನ್ನಿನ ಉಚ್ಚಂಗೆಮ್ಮ ಮಾತ್ರ ಹತ್ತಿರ ಬಂದು, “ನನ್ ತಮ್ಮಂಗೂ ಐತೆ ಕಣವ್ವ. ನಾವು ಮುಚ್ಚಿಟ್ಟೀವಿ,” ಎಂದರು.

ಎಂಟು ತಿಂಗಳಾದ ಮೇಲೆ ಶಿಫಾಗೆ ಒಮ್ಮೆ ಫಿಟ್ಸ್ ಬಂತು. ಉಚ್ಚಂಗೆಮ್ಮ ಅವಳನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿ ಬಟ್ಟೆ ಮಡಚಿಟ್ಟರು. ಗಾಬರಿಯಿಂದ ಓಡಿಬಂದ ಪ್ರಭುಲಿಂಗರಿಗೆ, “ಗಾಳಿ ಬಿಡ್ರಿ ಸಾರ್, ಅತ್ಲಾಗೆ ಸರೀರಿ,” ಎಂದು ಗದರಿದರು.

ಮರುದಿನ ಒಂಬತ್ತಕ್ಕೆ ಶಿಫಾ ತನ್ನ ಮಿಷನ್ನಿಗೆ ದಾರ ಪೋಣಿಸುತ್ತಿದ್ದಳು.