ಬುಟ್ಟಿ ಮುಗೀಲಿ, ಆಮ್ಯಾಲೆ ತಿದ್ರಿ

ಹೋದ ವರ್ಷ ದೀಪಾವಳಿ ಮುಗಿದ ಹೊಸದರಲ್ಲಿ ನಡೆದದ್ದು. ಆನೆಗೊಂದಿಯಲ್ಲಿ ನಾವು ಹನ್ನೆರಡು ಹೆಂಗಸರು ಬಾಳೆ ನಾರಿನ ಬುಟ್ಟಿ ಹೆಣೆಯುತ್ತೇವೆ. ಹೊಳೆ ದಾಟಿ ಬರುವ ಪ್ರವಾಸಿಗರು ನೋಡಿ, ಮಾತಾಡಿಸಿ, ಕೊಳ್ಳುತ್ತಾರೆ. ಅವರ ಜೊತೆ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಕಲಿಸಲು ಗಂಗಾವತಿಯಿಂದ ಒಬ್ಬ ಸರ್ ಬಂದರು. ಹದಿನೈದು ದಿನ ಪಾಠ, ಕೊನೆಗೆ ಪರೀಕ್ಷೆ. ಪಾಸಾದವರು ಮುಂದಿನ ಮೇಜಿನ ಬಳಿ ಕೂತು ಬಂದವರಿಗೆ ಬುಟ್ಟಿ ತೋರಿಸಬೇಕು. ಉಳಿದವರು ಹಿಂದಿನ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಹೆಣೆಯಬೇಕು.

ನಾನು ಏಳನೇ ತರಗತಿಗೆ ಸಾಲಿ ಬಿಟ್ಟವಳು. ಮೇಕ್, ಮೇಡ್, ಮೇಕಿಂಗ್. ನಿನ್ನೆಗೊಂದು, ಇವತ್ತಿಗೊಂದು, ನಾಳೆಗೆ ಮತ್ತೊಂದು. ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡಿದ್ದೆಲ್ಲ ಪರೀಕ್ಷೆಯಲ್ಲಿ ಕಲಸುಮೇಲೋಗರವಾಗಿ, ನಿನ್ನೆ ಹೆಣೆದ ಬುಟ್ಟಿಗೂ ಮೇಕಿಂಗ್ ಎಂದು ಬರೆದುಬಿಟ್ಟೆ. ಸರ್ ನನ್ನ ಹಾಳೆ ಎತ್ತಿ ಹಿಡಿದು, "ನೋಡ್ರಿ, ಈ ಅಕ್ಕಾರು ನಿನ್ನಿ ಬುಟ್ಟಿನ ಇನ್ನೂ ಹೆಣಿಯಾಕ ಹತ್ಯಾರ!" ಎಂದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಮೇಜು ಕವಿತಾಳಿಗೆ ಸಿಕ್ಕಿತು. ಪಿಯುಸಿ ಓದಿದ ಒಳ್ಳೆಯ ಹುಡುಗಿ, ಆದರೆ ಕೆಲಸಕ್ಕೆ ಸೇರಿ ಎರಡೇ ತಿಂಗಳು. ನಾನು ಹೆಣೆಯಲು ಕೂತು ಹದಿನೆಂಟು ವರ್ಷ. ನನ್ನ ಬುಟ್ಟಿಯ ಸುದ್ದಿಯನ್ನು ಇನ್ನೊಬ್ಬರು ಹೇಳುವುದು, ನಾನು ಒಳಗೆ ಕೂತು ಕೇಳುವುದು. ಇದ್ಯಾವ ನ್ಯಾಯ?

ಪರೀಕ್ಷೆಯಾದ ಮೂರನೆಯ ದಿನ, ಮೇಜಿನ ಕೆಲಸ ಹೇಗೆ ನಡೆಯುತ್ತಿದೆ ಎಂದು ನೋಡಲು ಸರ್ ಬಂದಿದ್ದಾಗ, ಒಬ್ಬ ವಿದೇಶಿ ಹೆಂಗಸು ಬಂದಳು. ಕವಿತಾ ಒಂದು ಅಕ್ಷರ ತಪ್ಪದೆ ಎಲ್ಲ ಹೇಳಿದಳು. ಆ ಹೆಂಗಸು ನನ್ನ ಬುಟ್ಟಿಯ ಅಂಚನ್ನು ಎಳೆದೆಳೆದು ನೋಡಿ, ಇದು ಬಿಚ್ಚುವುದಿಲ್ಲವಲ್ಲ, ಹೇಗೆ ಮಾಡಿದ್ದು ತೋರಿಸು ಎಂದು ಕೈಸನ್ನೆ ಮಾಡಿದಳು. ಕವಿತಾ ನಾರು ಮಡಚಿದಳು. ಪಟ್ಟನೆ ಹರಿಯಿತು. ಇನ್ನೊಂದು ತಗೊಂಡಳು, ಅದೂ ಹರಿಯಿತು. ಒಣ ನಾರು ಮಣಿಯುವುದಿಲ್ಲ. ಅಂಚು ಕಟ್ಟುವ ಮುಂಚೆ ನೀರಲ್ಲಿ ಅದ್ದಿ, ಹಸಿ ಬಟ್ಟೆಯಲ್ಲಿ ಒತ್ತಬೇಕು. ಹದಿನೈದು ದಿನದ ಪಾಠದಲ್ಲಿ ಇದು ಇರಲಿಲ್ಲ. ಹುಡುಗಿ ತಿರುಗಿ, ತೆರೆದ ಬಾಗಿಲಿನಿಂದ ಒಳಗಿದ್ದ ನನ್ನ ಮುಖ ನೋಡಿದಳು.

ನಾನು ನೀರಿನ ಬೋಗುಣಿ ಎತ್ತಿಕೊಂಡು ಎದ್ದೆ.

"ಎಲ್ಲಿ ಹೊಂಟ್ರಿ?" ಎಂದರು ಸರ್.

"ಮುಂದಿನ ಮೇಜಿಗ್ರಿ."

ಹೋಗಿ ಕೂತೇಬಿಟ್ಟೆ. ಬುಟ್ಟಿ ತೋರಿಸಿ, "ಯಸ್ಟರ್ಡೇ ಐ ಮೇಕ್" ಎಂದೆ.

"ಮೇಡ್! ಮೇಡ್ ಅನ್ರಿ!" ಹಿಂದಿನಿಂದ ಸರ್ ಕೂಗಿದರು.

ನನ್ನ ಕೈ ನಿಲ್ಲಲಿಲ್ಲ. "ಸರ, ಮದ್ಲು ಬುಟ್ಟಿ ಮುಗೀಲಿ, ಆಮ್ಯಾಲೆ ತಿದ್ರಿ. ನಾರು ಒಣಗತೈತಿ" ಎಂದೆ. ಆಮೇಲೆ ಆಕೆಯ ಕಡೆ ತಿರುಗಿ, "ಟುಡೇ ಐ ಮೇಕ್. ಟುಮಾರೋ ಯು ಕಮ್, ಐ ಮೇಕ್" ಎಂದೆ. ಆಕೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತಳು. ಅವಳ ಬೆರಳು ಹಿಡಿದು ಒಂದು ಮಡಿಕೆ ಹಾಕಿಸಿದೆ. ಖುಷಿಗೆ ಚಪ್ಪಾಳೆ ತಟ್ಟಿದಳು.

ಆಕೆ ಹೋದ ಮೇಲೆ ಸರ್, "ಇನ್ನ ಒಳಗ ಹೋಗ್ರಿ" ಎಂದರು. ನಾನು ಏಳಲಿಲ್ಲ. ಕವಿತಾ ತನ್ನ ಕುರ್ಚಿ ಸ್ವಲ್ಪ ಸರಿಸಿ, "ಇಲ್ಲೇ ಕುಂದರು ಅಕ್ಕಾ" ಎಂದಳು.

ಈಗಲೂ ನಾವಿಬ್ಬರೂ ಅಲ್ಲೇ ಕೂರುತ್ತೇವೆ. ಅವಳು ನನಗೆ ಮೇಡ್ ಕಲಿಸಿದಳು, ನಾನು ಅವಳಿಗೆ ಅಂಚು ಕಟ್ಟುವುದು ಕಲಿಸಿದೆ. ಗಡಿಬಿಡಿಯಲ್ಲಿ ಇನ್ನೂ ತಪ್ಪುತ್ತೇನೆ. ತಿದ್ದಿದರೆ ತಿದ್ದಿಕೊಳ್ಳುತ್ತೇನೆ, ಅದಕ್ಕೆ ನಾಚಿಕೆಯಿಲ್ಲ. ಆದರೆ ತಪ್ಪು ಮಾತಾಡುತ್ತಾಳೆ ಎಂದು ನನ್ನನ್ನು ನನ್ನ ಬುಟ್ಟಿಯ ಹಿಂದೆ ಬಚ್ಚಿಡಲು ಬಂದರೆ, ಆ ಕುರ್ಚಿ ಬಿಟ್ಟು ನಾನು ಏಳುವವಳಲ್ಲ.